ಬಾಕಿ ಲೆಕ್ಕ ಒಂದೇ ಕಡಿ ಬರ್ದಿಟ್ಟೆ: ಜಾಂಗೋ ಕ್ವೆರಿಸೆಟ್ ಜೊತಿ ನನ್ನ ಅನುಭವ

ಕಲಬುರಗಿ ಗಂಜ್‌ನಾಗ ಒಂದು ಅಡತಿ ಅಂಗಡಿಗೆ ಜಾಂಗೋದಾಗ (ಪೈಥಾನಿನಾಗ ವೆಬ್‌ಸೈಟ್ ಕಟ್ಟೋ ಫ್ರೇಮ್‌ವರ್ಕ್) ಬಿಲ್ಲಿಂಗ್ ಸಾಫ್ಟ್‌ವೇರ್ ಮಾಡಿಕೊಟ್ಟೀನಿ. ತೊಗರಿ ಸೀಜನ್ ಅಂದ್ರ ಡಿಸೆಂಬರ್, ಜನವರಿ, ಆವಾಗ ಮುಂಜಾನಿಂದ ಚೀಲ ಇಳೀತಾನೇ ಇರ್ತಾವ, ಬಿಲ್ ಮ್ಯಾಲ ಬಿಲ್. ಅಂಥಾ ಟೈಮ್‌ನಾಗ ಅಲ್ಲಿ ಲೆಕ್ಕ ಬರಿಯೋ ಕಾಕಾ ಫೋನ್ ಮಾಡಿದ್ರು, "ತಮ್ಮಾ, ಮೊದಲ್ನೇ ಪೇಜಿನಾಗ ಬಾಕಿ ಒಂದು ತೋರಸ್ತದ, ಪಾರ್ಟಿ ಖಾತೆದಾಗ ಇನ್ನೊಂದು ತೋರಸ್ತದ, ಯಾವ್ದು ಖರೇ ಅಂತ ಹಿಡೀಲಿ?"

ಕೋಡ್ ತೆಗ್ದು ನೋಡಿದ್ರ ಬಾಕಿ ಹುಡ್ಕೋ ಫಿಲ್ಟರ್ ಐದು ವ್ಯೂದಾಗ (ಪೇಜ್ ತಯಾರು ಮಾಡೋ ಕೋಡ್) ಐದು ಸಲ ಬರ್ದೀನಿ, ನಾಕ್ರಾಗ ರದ್ದಾದ ಬಿಲ್ ಬಿಟ್ಟೀನಿ, ಒಂದ್ರಾಗ ಮರ್ತೀನಿ. ಅದೊಂದು ಸರಿ ಮಾಡಿ ಸುಮ್ನಾಗಬಹುದಿತ್ತು, ಆದ್ರ ಆರನೇ ಪೇಜ್ ಬರಿಯೋವಾಗ ಮತ್ತ ಅದೇ ಆಗ್ತಿತ್ತು.

ಮೊದ್ಲು ಮ್ಯಾನೇಜರ್ ಕ್ಲಾಸಿನಾಗ (ಜಾಂಗೋದಾಗ ಟೇಬಲ್‌ನಿಂದ ಡೇಟಾ ಕೇಳೋ ಬಾಗಿಲು) ರದ್ದಾಗದ ಬಿಲ್ ಕೊಡೋ ಚಾಲ್ತಿ(), ರೊಕ್ಕ ಬರೋದಿರೋ ಬಿಲ್ ಕೊಡೋ ಬಾಕಿ() ಅಂತ ಎರಡು ಫಂಕ್ಷನ್ ಹಾಕ್ದೆ. ಒಂದೊಂದೇ ಕರದ್ರ ನಡೀತು, ಚಾಲ್ತಿ().ಬಾಕಿ() ಅಂತ ಕೂಡಿಸಿದ ಕೂಡ್ಲೇ ಅಟ್ರಿಬ್ಯೂಟ್ ಎರರ್, ಯಾಕಂದ್ರ ಚಾಲ್ತಿ() ವಾಪಸ್ ಕೊಡೋದು ಸಾದಾ ಕ್ವೆರಿಸೆಟ್ (ಡೇಟಾಬೇಸಿಗೆ ಕೇಳೋ ಪ್ರಶ್ನೆ ಹಿಡಿದಿಟ್ಟ ಆಬ್ಜೆಕ್ಟ್), ಅದಕ್ಕ ಬಾಕಿ() ಅಂದ್ರೇನು ಗೊತ್ತೇ ಇಲ್ಲ. ಹಂಗಾಗಿ ಎಲ್ಲಾ ಫಂಕ್ಷನ್ ಕ್ವೆರಿಸೆಟ್ ಕ್ಲಾಸಿಗೇ ಒಯ್ದು, ಮಾಡೆಲ್‌ನಾಗ ಆಬ್ಜೆಕ್ಟ್ಸ್ = ಬಿಲ್‌ಕ್ವೆರಿಸೆಟ್.ಆಸ್_ಮ್ಯಾನೇಜರ್() ಅಂತ ಬರ್ದೆ, ಇದು ಕ್ವೆರಿಸೆಟ್‌ನಿಂದ್ಲೇ ಮ್ಯಾನೇಜರ್ ಮಾಡಿಕೊಡ್ತದ, ಜಾಂಗೋ 1.7 ರಿಂದಾನೇ ಅದ. ಬಾಕಿ() ಒಳಗ ಒಂದೇ ಸಾಲು, ಜಮಾ ಆದದ್ದು ಮೊತ್ತಕ್ಕಿಂತ ಕಮ್ಮಿ ಇದ್ದದ್ದು ಕೊಡು ಅಂತ, ಎರಡು ಕಾಲಂ ಹೋಲಿಸೋಕ ಎಫ್() ಹಚ್ಚಿ. ಮೂರು ಫಂಕ್ಷನ್ ಕೂಡಿಸಿದ್ರೂ ಡೇಟಾಬೇಸಿಗೆ ಹೋಗೋದು ಒಂದೇ ಕ್ವೆರಿ, ಅದೂ ರಿಸಲ್ಟ್ ಬೇಕಾದಾಗ ಮಾತ್ರ.

ರದ್ದಾದ ಬಿಲ್ ಗೆಟ್_ಕ್ವೆರಿಸೆಟ್‌ನಾಗೇ (ಮ್ಯಾನೇಜರಿನ ಎಲ್ಲಾ ಕ್ವೆರಿ ಶುರು ಆಗೋ ಫಂಕ್ಷನ್) ತೆಗದು ಹಾಕೋಣಂತ ಅನಿಸ್ತದ, ಅದು ಮಾಡಬ್ಯಾಡ್ರಿ. ಡೀಫಾಲ್ಟ್ ಮ್ಯಾನೇಜರ್ ಹಂಗ ಮಾಡಿದ್ರ ಜಾಂಗೋದ ಅಡ್ಮಿನ್ ಪೇಜಿನಾಗೂ ಆ ಬಿಲ್ ಕಾಣಂಗಿಲ್ಲ, ಬಿಲ್ ರದ್ದಾದ್ರೂ ಅದರ ನಂಬರ್ ಲೆಕ್ಕಕ್ಕ ಬೇಕಲ್ರಿ.

ನನಗ ಭಾಳ ಕಾಡಿದ್ದು ಮಾತ್ರ ಒಂದು ದಿನದ ಬಿಲ್ ಕೊಡೋ ದಿನದ್ದು(ದಿನ) ಅನ್ನೋ ಮೂರನೇ ಫಂಕ್ಷನ್. ದಿನ ಕೊಡ್ಲಿಲ್ಲಂದ್ರ ಇವತ್ತಿಂದು ಹಿಡೀಲಿ ಅಂತ ಡೀಫಾಲ್ಟ್ ಆರ್ಗ್ಯುಮೆಂಟಿನಾಗೇ ಟೈಮ್‌ಝೋನ್.ಲೋಕಲ್‌ಡೇಟ್() ಕರದಿದ್ದೆ. ನನ್ನ ಲ್ಯಾಪ್‌ಟಾಪಿನಾಗ ಸರಿ ಇತ್ತು. ಸರ್ವರ್ ಮ್ಯಾಲ ಹಾಕಿ ಮೂರನೇ ದಿನ ಕಾಕಾ ಅಂತಾರ, "ಇವತ್ತಿನ ಬಿಲ್ ಅಂತ ಒತ್ತಿದ್ರ ಸೋಮವಾರದ್ದು ಬರ್ಲತ್ತದ." ಪೈಥಾನ್ ಆ ಡೀಫಾಲ್ಟ್ ಲೆಕ್ಕ ಹಾಕೋದು ಒಂದೇ ಸಲ, ಫೈಲ್ ಲೋಡ್ ಆಗೋವಾಗ. ನನ್ನ ಕಡಿ ಪ್ರತಿ ಸೇವ್‌ಗೂ ರನ್‌ಸರ್ವರ್ (ಕೋಡ್ ಬರಿಯೋವಾಗ ಹಚ್ಚೋ ಜಾಂಗೋ ಸರ್ವರ್) ಹೊಸದಾಗಿ ಶುರು ಆಗ್ತಿತ್ತು, ಅದಕ್ಕ ಗೊತ್ತೇ ಆಗಿರ್ಲಿಲ್ಲ, ಅಲ್ಲಿ ಸರ್ವರ್ ಸೋಮವಾರ ಶುರು ಆದದ್ದು ನಿಂತೇ ಇರ್ಲಿಲ್ಲ. ಡೀಫಾಲ್ಟ್ None (ಏನೂ ಇಲ್ಲ) ಅಂತಿಟ್ಟು, ದಿನ ಬಂದಿಲ್ಲಂದ್ರ ಫಂಕ್ಷನ್ ಒಳಗ ತಾರೀಖು ಕೇಳಂಗ ಮಾಡ್ದೆ, ಸರಿ ಹೋಯ್ತು. ಟೆಸ್ಟಿನಾಗೂ ಈಗ ತಾರೀಖು ನಾನೇ ಕೊಟ್ಟು ನೋಡ್ತೀನಿ.

ಆಮ್ಯಾಲ ಅಂಗಡಿ ಸಾಹುಕಾರ್ರು, ತಮಗ ರೊಕ್ಕ ಕೊಡಬೇಕಾದ ಪಾರ್ಟಿಗಳ ಲಿಸ್ಟ್ ಕೇಳಿದ್ರು. ಪಾರ್ಟಿ ಮಾಡೆಲ್‌ಗೆ ಬಿಲ್ ಜಾಯಿನ್ ಮಾಡಿದ್ರ ಮೂರು ಬಿಲ್ ಬಾಕಿ ಇದ್ದವ್ರ ಹೆಸ್ರು ಮೂರು ಸಲ ಬರ್ತದ, ಅದಕ್ಕ ಅಂಥಾ ಬಿಲ್ ಅದನೋ ಇಲ್ಲೋ ಅಂತಷ್ಟೇ ನೋಡೋ ಎಕ್ಸಿಸ್ಟ್ಸ್() ಒಳಗ ಅದೇ ಚಾಲ್ತಿ().ಬಾಕಿ() ಇಟ್ಟು, ಹೊರಗಿನ ಕ್ವೆರಿಯ ಪಾರ್ಟಿ ತೋರಿಸೋ ಔಟರ್‌ರೆಫ್‌ಲೆ ಪಾರ್ಟಿಗೆ ಜೋಡ್ಸಿದೆ. ಬಾಕಿ ಅಂದ್ರೇನಂತ ಹೊಸದಾಗಿ ಒಂದು ಸಾಲೂ ಬರೀಲಿಲ್ಲ, ಕಾಕಾ ಖಾತೆ ಜೊತಿ ತಾಳೆ ನೋಡಿದ್ರು, ಕೂಡ್ತು.