ಮಲಾವಿಯ ಹಳ್ಳಿಯಿಂದ ಶಿರಸಿಗೆ: ಗೆಳೆಯರ ಸಂಪರ್ಕ ಉಳಿಸಿಕೊಂಡಿದ್ದು ಹೀಗೆ

ಸ್ವಯಂಸೇವೆಗೆ ಆಫ್ರಿಕಾದ ಮಲಾವಿಯ ಹಳ್ಳಿಗೆ ಹೋದವರು ಶಿರಸಿಯ ಗೆಳೆಯರಿಗೆ ವಿಡಿಯೋ ಕಾಲ್ ಮಾಡುತ್ತ ಕೂತರೆ ಸಿಗುವುದು ನಿಂತ ಚಿತ್ರ, ತುಂಡು ಮಾತು. ಕಾಲ್ ಅಂದರೆ ಎರಡೂ ಕಡೆ ಒಂದೇ ಹೊತ್ತಿಗೆ ಸಿಗ್ನಲ್ ಬೇಕು. ಮಳೆಗಾಲದಲ್ಲಿ ಘಟ್ಟದ ಮೇಲೆ ಕರೆಂಟ್ ಹೋಗಿ ಟವರಿನ ಬ್ಯಾಟರಿ ಮುಗಿದರೆ ಊರಲ್ಲೂ ನೆಟ್‌ವರ್ಕ್ ಇರುವುದಿಲ್ಲ.

ಕಾಲ್ ಬಿಟ್ಟು ವಾಟ್ಸಾಪ್ ಧ್ವನಿ ಸಂದೇಶಕ್ಕೆ ಬಂದ ಮೇಲೆ ತೊಂದರೆ ಬಹುಪಾಲು ತೀರಿತು. ಸಿಗ್ನಲ್ ಇಲ್ಲದಾಗಲೂ ರೆಕಾರ್ಡ್ ಮಾಡಿ ಕಳಿಸಿಬಿಡಿ. ಪಕ್ಕದಲ್ಲಿ ಪುಟ್ಟ ಗಡಿಯಾರದ ಗುರುತು ನಿಂತಿರುತ್ತದೆ, ನೆಟ್ ಬಂದ ಕೂಡಲೇ ಸಂದೇಶ ಹೋಗುತ್ತದೆ. ಒಂದೆರಡು ನಿಮಿಷದ ತುಣುಕುಗಳೇ ಒಳ್ಳೆಯದು, ದುರ್ಬಲ ಸಿಗ್ನಲ್‌ನಲ್ಲೂ ದಾಟುತ್ತವೆ. ಸೆಟ್ಟಿಂಗ್ಸ್‌ನಲ್ಲಿ ಮೀಡಿಯಾ ಆಟೋ-ಡೌನ್‌ಲೋಡ್ ಪೂರ್ತಿ ಆಫ್ ಮಾಡಿ. ಧ್ವನಿ ಸಂದೇಶ ಆಗಲೂ ತಾನೇ ಇಳಿಯುತ್ತದೆ, ಆದರೆ ಗುಂಪಿನ ಶುಭೋದಯದ ಚಿತ್ರಗಳು ತಾವಾಗಿ ಇಳಿದು ಡೇಟಾ ತಿನ್ನುವುದಿಲ್ಲ.

ನೇರ ಮಾತು ಬೇಕೇ ಬೇಕೆಂದರೆ ಸಮಯ ಗೊತ್ತುಮಾಡಿಕೊಳ್ಳಿ. ಮಲಾವಿ ನಮಗಿಂತ ಮೂರೂವರೆ ಗಂಟೆ ಹಿಂದೆ: ಅಲ್ಲಿ ಸಂಜೆ 5, ಶಿರಸಿಯಲ್ಲಿ ರಾತ್ರಿ 8:30.

ಹೆಚ್ಚಿನವರು ಮರೆಯುವುದು ಭಾರತದ ಸಿಮ್. ಪ್ರಿಪೇಯ್ಡ್ ಸಿಮ್ 90 ದಿನ ಬಳಸದೆ ಬಿದ್ದರೆ ಬಂದ್ ಆಗಬಹುದು, ಮುಂದೆ ಆ ನಂಬರ್ ಬೇರೆಯವರಿಗೆ ಹೋಗಬಹುದು. ಊರಿನ ಒಬ್ಬ ಗೆಳೆಯನಿಗೆ ರೀಚಾರ್ಜ್ ಜವಾಬ್ದಾರಿ ಕೊಟ್ಟು ಹೊರಡಿ. ವಾಟ್ಸಾಪ್‌ಗೆ ಎರಡು ಹಂತದ ಪಿನ್ ಹಾಕಿ, ಇಮೇಲ್ ಕೂಡ ಸೇರಿಸಿ. ಭಾರತದ ಸಿಮ್ ಫೋನಿನಲ್ಲೇ ಇಟ್ಟು ಅಲ್ಲಿನದನ್ನು ಎರಡನೇ ಸಿಮ್ ಆಗಿ ಹಾಕಿದರೆ ವಾಟ್ಸಾಪ್ ಹಳೆಯ ನಂಬರಿನಲ್ಲೇ ನಡೆಯುತ್ತದೆ, ನಂಬರ್ ಬದಲಾಯಿಸಲು ಹೋಗಬೇಡಿ.