ಕೊಡಚಾದ್ರಿ ಕಣಿವೆಗೆ ಮೇಜಿನ ಫೋನ್ ಹೊತ್ತದ್ದು

ಈಗ ಬರೆಯಬಹುದು ಅನಿಸಿತು. ಸಿಮ್ ಹಾಕುವ ಮೇಜಿನ ಫೋನಿಗೆ ಆಂಟೆನಾ ಕಟ್ಟಿ, ಮೊಬೈಲ್ ಸಿಗದ ಕಣಿವೆಗೆ ಹೊತ್ತೊಯ್ಯುವ ನನ್ನ ಉಪಾಯ ಕಳೆದ ಚಳಿಗಾಲ ಪೂರ್ತಿ ಕೈಕೊಡದೆ ನಡೆದಿದೆ. "ಟೆಲಿಫೋನ್ ಎಕ್ಸ್‌ಚೇಂಜನ್ನೇ ಹೊತ್ಕೊಂಡು ಹೊರಟ್ಯಲ್ಲ ಮಾರಾಯ" ಅಂತ ನಕ್ಕವರೇ ಈಗ ಆಂಟೆನಾ ಕಡ್ಡಿಯ ಅಳತೆ ಕೇಳುತ್ತಿದ್ದಾರೆ.

ಡಿಸೆಂಬರಿನಿಂದ ಮಾರ್ಚ್‌ವರೆಗೆ ಹುಡುಗರನ್ನು ಕಟ್ಟಿಕೊಂಡು ಕೊಡಚಾದ್ರಿ ಸುತ್ತ, ಕಟ್ಟಿನಹೊಳೆ, ನಿಟ್ಟೂರು ಕಡೆ ತಿರುಗುವುದು ನನ್ನ ಚಟ. ಅಡಿಕೆ ಮಂಡಿಯವರು ಫೋನ್ ಮಾಡುವುದೂ ಅದೇ ತಿಂಗಳುಗಳಲ್ಲಿ. ಮನೆಯಲ್ಲಿ ಅಮ್ಮನಿಗೆ ಎಂಬತ್ತು ದಾಟಿದೆ. ಎರಡು ದಿನ ಫೋನಿಗೆ ಸಿಗುವುದಿಲ್ಲ ಅಂದರೆ ನಾನು ಹೊರಡುವ ಹಾಗೇ ಇಲ್ಲ.

ಸ್ಯಾಟಲೈಟ್ ಫೋನ್ ತಗೋ ಅನ್ನುವವರು ಬಹಳ. ನಮ್ಮ ದೇಶದಲ್ಲಿ ಅದಕ್ಕೆ ದೂರಸಂಪರ್ಕ ಇಲಾಖೆಯ ಅನುಮತಿ ಬೇಕು. ಉಪಗ್ರಹದ ಮೂಲಕ ಮೆಸೇಜ್ ಕಳಿಸುವ ಗಾರ್ಮಿನ್ ಇನ್‌ರೀಚ್ ಕೂಡ ಹಾಗೇ. ಅನುಮತಿ ಇಲ್ಲದೆ ತಂದ ವಿದೇಶಿ ಚಾರಣಿಗರು ವಿಮಾನ ನಿಲ್ದಾಣದಲ್ಲೇ ಸಿಕ್ಕಿಬಿದ್ದಿದ್ದಾರೆ. ಆನ್‌ಲೈನಲ್ಲಿ ಸಿಗುವ ಸಿಗ್ನಲ್ ಬೂಸ್ಟರೂ ನಾವು ನೀವು ಇಟ್ಟುಕೊಳ್ಳುವಂಥದ್ದಲ್ಲ. ಅದು ಹತ್ತಿರದ ಟವರಿನ ಸಿಗ್ನಲನ್ನೇ ಕೆಡಿಸುತ್ತದೆ. ಎರಡನ್ನೂ ಬದಿಗಿಟ್ಟೆ.

ಮೊದಲು ದುಡ್ಡು ಹೋದದ್ದು ವಾಕಿಟಾಕಿಗೆ. 446 ಮೆಗಾಹರ್ಟ್ಸ್‌ನ ಲೈಸೆನ್ಸ್ ಬೇಡದ ಜೋಡಿ, ನಾಲ್ಕೂವರೆ ಸಾವಿರದ ಆಸುಪಾಸು. ಬಯಲಲ್ಲಿ ಚೆನ್ನಾಗಿಯೇ ಮಾತಾಡಿತು. ಶೋಲಾ ಕಾಡಿನೊಳಗೆ ಎರಡು ತಿರುವು ದಾಟಿದರೆ ಬರೀ ಗೊರಗೊರ. ಅಷ್ಟಕ್ಕೂ ಮಂಡಿಯವರ ಕೈಗೆ ವಾಕಿಟಾಕಿ ಕೊಡಲಿಕ್ಕಾಗುತ್ತದೆಯೇ? ಆಮೇಲೆ ದೊಡ್ಡ ಪವರ್ ಬ್ಯಾಂಕ್, ಅದಕ್ಕೆ ಎರಡು ಸಾವಿರ. ಸ್ಮಾರ್ಟ್‌ಫೋನ್ ಕಣಿವೆಯಲ್ಲಿ ಟವರ್ ಹುಡುಕುತ್ತಾ ಮಧ್ಯಾಹ್ನದೊಳಗೆ ಬ್ಯಾಟರಿ ತಿಂದು ಮುಗಿಸುತ್ತದೆ. ಇಲ್ಲದ ಸಿಗ್ನಲನ್ನು ಪವರ್ ಬ್ಯಾಂಕ್ ಎಲ್ಲಿಂದ ತರುತ್ತದೆ?

ದಾರಿ ಕಂಡದ್ದು ನಮ್ಮೂರಿನ ಮಾಡುಗಳ ಮೇಲೇ. ಹೊಸನಗರ, ಸಾಗರ ಕಡೆಯ ಒಂಟಿಮನೆಗಳಲ್ಲಿ ಅಡಿಕೆ ದಬ್ಬೆಯ ತುದಿಗೆ ಯಾಗಿ ಆಂಟೆನಾ (ಹಳೇ ಟೀವಿ ಆಂಟೆನಾದ ಹಾಗೆ ಸಾಲು ಕಡ್ಡಿಗಳದ್ದು) ಕಟ್ಟಿ, ಒಳಗೆ ಸಿಮ್ ಹಾಕುವ ಮೇಜಿನ ಫೋನ್ ಇಟ್ಟುಕೊಂಡಿರುತ್ತಾರೆ. ಹೊರಗೆ ಮೊಬೈಲ್ ಸತ್ತು ಬಿದ್ದಿದ್ದರೂ ಒಳಗೆ ಅದು ರಿಂಗಾಗುತ್ತದೆ. ಮನೆಯಲ್ಲಿ ಆಗುವುದು ಬೆಟ್ಟದಲ್ಲಿ ಯಾಕೆ ಆಗಬಾರದು?

ಸೆಕೆಂಡ್ ಹ್ಯಾಂಡ್ ಫೋನ್ ಒಂಬೈನೂರಕ್ಕೆ ಸಿಕ್ಕಿತು. ತೂಕ ಅರ್ಧ ಕೆಜಿ ಮೇಲೆ ಸ್ವಲ್ಪ. ಒಳಗೆ ಬ್ಯಾಟರಿ ಇದೆ, ಹಿಂದೆ ಆಂಟೆನಾ ತಿರುಪು ಇದೆ. 5 ವೋಲ್ಟಿನದ್ದೇ ನೋಡಿ ತನ್ನಿ, ಪವರ್ ಬ್ಯಾಂಕಿಗೆ ನೇರ ಹಾಕಬಹುದು. ಸಿಮ್ ಬಿಎಸ್‌ಎನ್‌ಎಲ್; ಅದರ 900 ಮೆಗಾಹರ್ಟ್ಸ್‌ನ 2ಜಿಗೆ ಗುಡ್ಡದ ಅಂಚು ದಾಟಿ ಬಗ್ಗುವ ಗುಣ ಇದೆ. ಆ ಫ್ರೀಕ್ವೆನ್ಸಿಗೆ ಯಾಗಿಯ ಕಡ್ಡಿ ಒಂದೊಂದೂ ಹದಿನಾರು ಸೆಂಟಿಮೀಟರ್ ಆಚೀಚೆ, ಹಾಗಾಗಿ ಚೀಲದಲ್ಲಿ ಹಿಡಿಸುತ್ತದೆ. ಅಲ್ಯೂಮಿನಿಯಂ ಕಡ್ಡಿ, ಪಿವಿಸಿ ಪೈಪು, ಕನೆಕ್ಟರ್ ಸೇರಿ ಮುನ್ನೂರು ರೂಪಾಯಿ. ಕಡ್ಡಿಗಳ ನಡುವಿನ ಅಂತರ ಮಾತ್ರ ಇಲ್ಲಿ ಬರೆಯುವುದಿಲ್ಲ. ಅದಕ್ಕೆ ಒಂದು ಮಳೆಗಾಲ ಸುರಿದಿದ್ದೇನೆ.

ಮೊದಲ ಸಲ ಕಟ್ಟಿನಹೊಳೆ ಹತ್ತಿರ ಹತ್ತು ಮೀಟರ್ ಕೇಬಲ್ ಎಳೆದು ಮರಕ್ಕೆ ಕಟ್ಟಿದ್ದು. ಆಂಟೆನಾ ಮೇಲೇರಿತು, ಫೋನಿನ ಸಿಗ್ನಲ್ ಕಡ್ಡಿ ಏರಲಿಲ್ಲ. ಆರ್‌ಜಿ-58 ಎಂಬ ತೆಳು ಆಂಟೆನಾ ಕೇಬಲ್ ಈ ಫ್ರೀಕ್ವೆನ್ಸಿಯಲ್ಲಿ ಮೀಟರಿಗೆ ಅರ್ಧ ಡೆಸಿಬಲ್ ಸಿಗ್ನಲ್ ತಿನ್ನುತ್ತದೆ. ಹತ್ತು ಮೀಟರ್ ಅಂದರೆ ಬಂದದ್ದರಲ್ಲಿ ಮೂರನೇ ಎರಡು ಪಾಲು ದಾರಿಯಲ್ಲೇ ಖಾಲಿ. ಈಗ ಎರಡೇ ಮೀಟರ್, ಆಂಟೆನಾ ಕಟ್ಟುವುದು ಚಾರಣದ ಕೋಲಿಗೆ. ಎತ್ತರ ಬೇಕಿದ್ದರೆ ಫೋನನ್ನೇ ಬಂಡೆಯ ಮೇಲೆ ಹತ್ತಿಸುವುದು.

ಇನ್ನು ದಿಕ್ಕು. ಟವರ್ ಇರುವ ಊರಿನ ಕಡೆ ತಿರುಗಿಸಿದರೆ ಕಣಿವೆಯಲ್ಲಿ ಏನೂ ಸಿಗದು, ನಡುವೆ ಗುಡ್ಡವೇ ಇದೆ. ಗುಡ್ಡಸಾಲು ತಗ್ಗಿದ ಕಡೆ, ಆಕಾಶ ಕೆಳಕ್ಕಿಳಿದಂತೆ ಕಾಣುವ ಸಂದಿಗೆ ಗುರಿಯಿಡಬೇಕು. ಸೊನ್ನೆ ಇದ್ದದ್ದು ಎರಡು ಕಡ್ಡಿಯಾಗುತ್ತದೆ. ಆಮೇಲೆ ಆಂಟೆನಾವನ್ನು ನಲವತ್ತೈದು ಡಿಗ್ರಿ ಓರೆ ಮಾಡಿ ನೋಡಿ. ಈಗಿನ ಟವರುಗಳ ಆಂಟೆನಾ ಒಳಗೇ ಓರೆಯಾಗಿರುತ್ತವೆ. ನನಗೆ ಇನ್ನೊಂದು ಕಡ್ಡಿ ಸಿಕ್ಕಿದ್ದು ಹೀಗೆ. ಬಲಕ್ಕೋ ಎಡಕ್ಕೋ ಅನ್ನುವುದು ನೀವೇ ತಿರುಗಿಸಿ ನೋಡುವ ವಿಷಯ.

1343 ಮೀಟರಿನ ಶಿಖರದ ಮೇಲಿನ ತೊಂದರೆ ಬೇರೆಯೇ. ಅಲ್ಲಿ ಕರಾವಳಿ ಬದಿಯ ಟವರುಗಳೆಲ್ಲ ಒಟ್ಟಿಗೆ ಮೈಮೇಲೆ ಬೀಳುತ್ತವೆ, ಫೋನು ಒಂದನ್ನು ಬಿಟ್ಟು ಒಂದಕ್ಕೆ ಹಾರುತ್ತಿರುತ್ತದೆ. ಯಾಗಿ ಒಂದೇ ಕಡೆ ನೋಡುವುದರಿಂದ ಈ ಗದ್ದಲವೂ ಕಡಿಮೆ. 2ಜಿಯಲ್ಲಿ ಸುಮಾರು 35 ಕಿಲೋಮೀಟರ್ ಆಚೆಗಿನ ಟವರು ಕಡ್ಡಿ ತೋರಿಸಿದರೂ ಕಾಲ್ ಹಿಡಿಯುವುದಿಲ್ಲ, ಅದರ ಹಿಂದೆ ಬೀಳಬೇಡಿ.

ಬೆಳಿಗ್ಗೆ ಏಳಕ್ಕೆ, ರಾತ್ರಿ ಎಂಟಕ್ಕೆ ಅರ್ಧರ್ಧ ಗಂಟೆ ಫೋನ್ ತೆರೆದಿರುತ್ತೇನೆ. ನನ್ನ ಮಾಮೂಲಿ ನಂಬರಿನಲ್ಲಿ 'ಸಿಗದಿದ್ದಾಗ ಮಾತ್ರ' ಎಂಬ ಕಾಲ್ ಫಾರ್ವರ್ಡಿಂಗ್ ಈ ಮೇಜಿನ ಫೋನಿನ ನಂಬರಿಗೆ ಹಾಕಿದೆ. ಕರೆ ಬರುತ್ತದೆ, ಎಸ್ಸೆಮ್ಮೆಸ್ ಬರುವುದಿಲ್ಲ. ಹಾಗಾಗಿ ಒಟಿಪಿ ಬೇಕಾದ ಬ್ಯಾಂಕ್ ಕೆಲಸ ಮನೆಯಲ್ಲೇ ಮುಗಿಸಿ ಹೊರಡಿ. ಮನೆಯವರು ಮಾತ್ರ ನೇರ ಈ ನಂಬರಿಗೇ ಮೆಸೇಜ್ ಹಾಕುತ್ತಾರೆ. ಮಾತು ಹೋಗದಷ್ಟು ಸಣ್ಣ ಸಿಗ್ನಲಿನಲ್ಲೂ ಅದು ನುಸುಳಿ ಬಂದದ್ದಿದೆ. ನಿಜವಾದ ಆಪತ್ತಿಗೆ ಯಾವ ಕಂಪನಿಯ ಟವರ್ ಸಿಕ್ಕರೂ 112 ಹೋಗುತ್ತದೆ, ಅದಕ್ಕೆ ಮೊಬೈಲನ್ನೂ ಏರೋಪ್ಲೇನ್ ಮೋಡಿನಲ್ಲಿ ಉಳಿಸಿಟ್ಟಿರುತ್ತೇನೆ.

ಒಂದು ರಾತ್ರಿ ಗಂಜಿ ಕುದಿಯುವಾಗ ಬಂಡೆಯ ಮೇಲೆ ಹಳೇ ಲ್ಯಾಂಡ್‌ಲೈನಿನ ಹಾಗೆ 'ಟ್ರಿಣ್ ಟ್ರಿಣ್' ಅಂದಿತು. ಹುಡುಗರು ಬೆಚ್ಚಿದರು. ಮಂಡಿಯವರು ರಾಶಿ ಇಡಿ ಅಡಿಕೆಯ ರೇಟು ಹೇಳಿ, "ಎಲ್ಲಿದ್ದೀರಿ, ಜೀರುಂಡೆ ಸದ್ದು ಕೇಳ್ತದೆ?" ಅಂದರು. ಆ ರೇಟಿಗೆ ಕೊಟ್ಟ ಅಡಿಕೆಯಲ್ಲಿ ವಾಕಿಟಾಕಿಯ ದುಡ್ಡೂ ವಾಪಸ್ಸು ಬಂತು.

ಈ ನಡುವೆ ಟವರಿಲ್ಲದೆ ದೂರಕ್ಕೆ ಸಣ್ಣ ಸಂದೇಶ ಕಳಿಸುವ 865 ಮೆಗಾಹರ್ಟ್ಸ್‌ನ ಲೋರಾ ರೇಡಿಯೋ ಬೋರ್ಡುಗಳನ್ನೂ ತಂದಿದ್ದೇನೆ, ಜೋಡಿಗೆ ಆರು ಸಾವಿರ ಹತ್ತಿರ. ಗುಡ್ಡದಿಂದ ಗುಡ್ಡಕ್ಕೆ ಎಂಟೊಂಬತ್ತು ಕಿಲೋಮೀಟರ್ ಸಂದೇಶ ಹೋಯಿತು, ಎಲೆ ಅಡ್ಡ ಬಂದರೆ ಮುಗಿಯಿತು. ಅದಕ್ಕಿಂತ ನನಗೆ ಆಸೆ ಬಿಎಸ್‌ಎನ್‌ಎಲ್‌ನ 700 ಮೆಗಾಹರ್ಟ್ಸ್‌ನ 4ಜಿ ಮೇಲೆ. ಮೇಜಿನ ಫೋನ್ 4ಜಿಯದ್ದು ಬೇಕು, ಮೂರು ಸಾವಿರದ ಮೇಲಿದೆ. ಕಡ್ಡಿಗಳೂ ಇಪ್ಪತ್ತು ಸೆಂಟಿಮೀಟರ್ ದಾಟುತ್ತವೆ, ಈಗಿನ ಚೀಲದಲ್ಲಿ ಹಿಡಿಸುವುದಿಲ್ಲ. ಮಡಚುವ ಹಾಗೆ ಮಾಡಲು ಛತ್ರಿ ರಿಪೇರಿಯವನ ಹತ್ತಿರ ಮಾತಾಡಿದ್ದೇನೆ.