ತರಗತಿಯ ಹೊಸ ಪ್ರಯೋಗಕ್ಕೆ ಪ್ರಶಸ್ತಿ: ಅರ್ಜಿ ಸಿದ್ಧ ಮಾಡುವುದು ಹೇಗೆ?

ಶಿಕ್ಷಕರ ಪ್ರಶಸ್ತಿಗೆ ಅರ್ಜಿ ಕರೆದರು ಅಂದರೆ ಶಾಲೆಗಳಲ್ಲಿ ಒಂದು ಓಡಾಟ ಶುರುವಾಗುತ್ತದೆ. ಫೋಟೊ ಎಲ್ಲಿ, ಪ್ರಮಾಣಪತ್ರ ಎಲ್ಲಿ, ಆ ಪೇಪರ್ ಕಟಿಂಗ್ ಯಾರ ಹತ್ತಿರ ಇದೆ ಅಂತ ಹುಡುಕಾಟ. ಕೊನೆಗೆ ಸ್ಪೈರಲ್ ಬೈಂಡಿಂಗ್ ಮಾಡಿದ ಒಂದು ದಪ್ಪ ಪುಸ್ತಕ ತಯಾರಾಗುತ್ತದೆ. ಅದರಲ್ಲಿ ಶಾಲು, ಹಾರ, ಜಾಥಾ, ಸಸಿ ನೆಡುವುದು ಎಲ್ಲ ಇರುತ್ತದೆ. ಮಕ್ಕಳು ಏನು ಕಲಿತರು ಅನ್ನುವುದು ಮಾತ್ರ ಇರುವುದಿಲ್ಲ. ನಿಜವಾಗಿ ಒಳ್ಳೆಯ ಕೆಲಸ ಮಾಡಿದವರ ಅರ್ಜಿಯೇ ಹೀಗಾಗುವುದನ್ನು ನೋಡಿ ನೋಡಿ ಇದನ್ನು ಬರೆಯುತ್ತಿದ್ದೇನೆ.

ಮೊದಲು: ಯಾವ ಪ್ರಶಸ್ತಿ?

ಕೇಂದ್ರ ಸರ್ಕಾರದ ರಾಷ್ಟ್ರೀಯ ಶಿಕ್ಷಕರ ಪ್ರಶಸ್ತಿ 1958ರಲ್ಲಿ ಶುರುವಾಯಿತು. ಬೆಳ್ಳಿ ಪದಕ, ಪ್ರಶಸ್ತಿಪತ್ರ ಮತ್ತು 50,000 ರೂಪಾಯಿ. 2018ರಿಂದ ಶಿಕ್ಷಕರು ತಾವೇ ಆನ್‌ಲೈನ್‌ನಲ್ಲಿ ಅರ್ಜಿ ಹಾಕಬಹುದು. ಯಾರೋ ಹೆಸರು ಸೂಚಿಸಲಿ ಅಂತ ಕಾಯಬೇಕಿಲ್ಲ. ಜಿಲ್ಲಾ ಸಮಿತಿ, ರಾಜ್ಯ ಸಮಿತಿ, ಆಮೇಲೆ ರಾಷ್ಟ್ರಮಟ್ಟದ ಜ್ಯೂರಿ, ಹೀಗೆ ಮೂರು ಮೆಟ್ಟಿಲು. ಈಚಿನ ಮಾರ್ಗಸೂಚಿಗಳಲ್ಲಿ 100ಕ್ಕೆ 90 ಅಂಕ ಇರುವುದು ಮಾಡಿದ ಕೆಲಸಕ್ಕೆ. ಹೊಸ ಪ್ರಯೋಗ, ಕಲಿಕೆ ಉತ್ತಮಪಡಿಸಲು ಪಟ್ಟ ಶ್ರಮ ಎಲ್ಲ ಅದರಲ್ಲೇ ಬರುತ್ತದೆ. ಇದಲ್ಲದೆ ಹೊಸ ಪ್ರಯೋಗಗಳಿಗೆಂದೇ ಎನ್‌ಸಿಇಆರ್‌ಟಿ (ಶಾಲಾ ಪಠ್ಯಪುಸ್ತಕ ತಯಾರಿಸುವ ಕೇಂದ್ರದ ಸಂಸ್ಥೆ) ಪ್ರತ್ಯೇಕ ಪ್ರಶಸ್ತಿ ಕೊಡುತ್ತಾ ಬಂದಿದೆ. ಕಂಪ್ಯೂಟರ್, ಮೊಬೈಲ್ ಬಳಸಿ ಕಲಿಸುವವರಿಗೆ ಐಸಿಟಿ ಪ್ರಶಸ್ತಿ ಬೇರೆಯೇ ಇದೆ.

ನೋಂದಣಿ ಶುಲ್ಕ ಕಟ್ಟಿಸಿಕೊಂಡು ‘ಅಂತರರಾಷ್ಟ್ರೀಯ ಆದರ್ಶ ಶಿಕ್ಷಕ’ ಅಂತ ಫಲಕ ಕೊಡುವವರೂ ಇದ್ದಾರೆ. ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಇಂಥ ಆಹ್ವಾನ ದಿನಾ ಬರುತ್ತವೆ. ದುಡ್ಡು ಕೇಳಿದರೆ ಅದು ಪ್ರಶಸ್ತಿಯಲ್ಲ, ವ್ಯಾಪಾರ. ಆ ಫಲಕವನ್ನು ಅರ್ಜಿಯಲ್ಲಿ ಸೇರಿಸಬೇಡಿ. ನೋಡುವವರಿಗೆ ಗೊತ್ತಾಗುತ್ತದೆ.

ಅರ್ಹತೆ

ರಾಷ್ಟ್ರೀಯ ಪ್ರಶಸ್ತಿಗೆ ಕಾಯಂ ಶಿಕ್ಷಕರಾಗಿರಬೇಕು, ಟ್ಯೂಷನ್ ನಡೆಸುತ್ತಿರಬಾರದು. ಸೇವಾವಧಿ ಮುಂತಾದ ನಿಯಮ ವರ್ಷದಿಂದ ವರ್ಷಕ್ಕೆ ಬದಲಾಗುತ್ತದೆ, ಆ ವರ್ಷದ ಸುತ್ತೋಲೆ ಓದಿ. ಅಷ್ಟೇ.

ಸಮಸ್ಯೆ ಹಿಡಿಯುವುದು: ಎಲ್ಲರೂ ಎಡವುವ ಜಾಗ

ಹೆಚ್ಚಿನ ಅರ್ಜಿಗಳು ಹೀಗೆ ಶುರುವಾಗುತ್ತವೆ: ‘ಮಕ್ಕಳಿಗೆ ಗಣಿತ ಕಬ್ಬಿಣದ ಕಡಲೆ. ಆದ್ದರಿಂದ ಚಟುವಟಿಕೆ ಆಧಾರಿತ ಕಲಿಕೆ ಅಳವಡಿಸಿದೆ.’ ಇದರಿಂದ ಏನೂ ತಿಳಿಯುವುದಿಲ್ಲ. ಯಾವ ತರಗತಿ? ಗಣಿತದಲ್ಲಿ ಯಾವುದು? ಎಷ್ಟು ಮಕ್ಕಳಿಗೆ?

ಒಂದು ಉದಾಹರಣೆ ಇಟ್ಟುಕೊಳ್ಳೋಣ. ನಾಲ್ಕನೇ ತರಗತಿಯ ಮಕ್ಕಳಿಗೆ 52ರಲ್ಲಿ 37 ಕಳೆಯಿರಿ ಅಂತ ಕೊಟ್ಟಿದ್ದೀರಿ. ಬಹಳ ಮಕ್ಕಳು 25 ಅಂತ ಬರೆದಿದ್ದಾರೆ. ಸುಮ್ನೆ ತಪ್ಪು ಅಂತ ಕೆಂಪು ಗೆರೆ ಎಳೆದರೆ ಕಥೆ ಅಲ್ಲಿಗೇ ಮುಗಿಯಿತು. 25 ಹೇಗೆ ಬಂತು ನೋಡಿ. ಬಿಡಿ ಸ್ಥಾನದಲ್ಲಿ 2ರಿಂದ 7 ಹೋಗುವುದಿಲ್ಲ, ಅದಕ್ಕೆ ಮಗು 7ರಿಂದ 2 ಕಳೆದಿದೆ. ಹತ್ತರ ಸ್ಥಾನದಲ್ಲಿ 5ರಿಂದ 3 ಕಳೆದಿದೆ. ಮಗುವಿಗೆ ಕಳೆಯಲು ಬರುತ್ತದೆ. ಒಂದು ಹತ್ತನ್ನು ಬಿಡಿಸಿದರೆ ಹತ್ತು ಬಿಡಿ ಸಿಗುತ್ತದೆ ಅನ್ನುವುದು ಮಾತ್ರ ಗೊತ್ತಿಲ್ಲ. ಈಗ ಸಮಸ್ಯೆಯನ್ನು ಹೀಗೆ ಬರೆಯಬಹುದು: ‘24 ಮಕ್ಕಳಲ್ಲಿ 15 ಮಕ್ಕಳು ದಶಕ ಬಿಡಿಸಿ ಕಳೆಯುವಾಗ ತಪ್ಪು ಮಾಡಿದರು. ಅವರಲ್ಲಿ 11 ಮಕ್ಕಳದ್ದು ಒಂದೇ ರೀತಿಯ ತಪ್ಪು: ಮೇಲೆ ಕೆಳಗೆ ನೋಡದೆ ದೊಡ್ಡ ಅಂಕಿಯಿಂದ ಸಣ್ಣದನ್ನು ಕಳೆಯುತ್ತಾರೆ.’ ಇಷ್ಟು ಓದಿದರೆ ಸಾಕು, ಈ ಮೇಷ್ಟ್ರು ಮಕ್ಕಳ ಪುಸ್ತಕ ಬಿಚ್ಚಿ ನೋಡಿದ್ದಾರೆ ಅಂತ ಗೊತ್ತಾಗುತ್ತದೆ.

ಈ ಅಂಕಿಗಳನ್ನು ಎಲ್ಲಿಂದ ತರುವುದು ಅಂತ ಬಹಳ ಜನ ಕೇಳುತ್ತಾರೆ. ಅದು ನಿಮ್ಮ ಬೀರುವಿನಲ್ಲೇ ಇದೆ. ಜೂನ್‌ನಲ್ಲಿ ಸೇತುಬಂಧದ (ಹಿಂದಿನ ತರಗತಿಯ ಕಲಿಕೆಯನ್ನು ಸರಿಮಾಡಿಕೊಳ್ಳುವ ಕಾರ್ಯಕ್ರಮ) ಪೂರ್ವ ಪರೀಕ್ಷೆ ಮಾಡುತ್ತೀರಲ್ವಾ? ಆ ಉತ್ತರ ಪತ್ರಿಕೆಗಳೇ ನಿಮ್ಮ ಆರಂಭದ ದಾಖಲೆ. ಆದರೆ ಏನಾಗುತ್ತದೆ ಅಂದರೆ, ಅಂಕಗಳನ್ನು ವಹಿಗೆ ಏರಿಸಿ ಪತ್ರಿಕೆಗಳನ್ನು ರದ್ದಿಗೆ ಹಾಕಿಬಿಡುತ್ತಾರೆ. ಹಾಕಬೇಡಿ. ತಪ್ಪು ಉತ್ತರ ಬರೆದ ಆ ಹಾಳೆ ನೂರು ಫೋಟೊಗಿಂತ ಜಾಸ್ತಿ ಬೆಲೆ ಬಾಳುತ್ತದೆ. ದಿನಾಂಕ ಹಾಕಿ, ಮಗುವಿನ ಕೃತಿಸಂಪುಟದಲ್ಲಿ, ಅಂದರೆ ಅದರ ಬರಹಗಳನ್ನು ಕೂಡಿಡುವ ಕಡತದಲ್ಲಿ, ಸೇರಿಸಿ.

ಪ್ರಯೋಗ ಮುಗಿದ ಮೇಲೆ ‘ಮೊದಲು ಹೀಗಿತ್ತು’ ಅಂತ ನೆನಪಿನಿಂದ ಅಂಕಿ ಬರೆಯುವವರಿದ್ದಾರೆ. ಈ ಅಡ್ಡದಾರಿ ಹಿಡಿಯಲೇಬೇಡಿ. ಒಂದೇ ಪೆನ್ನಿನಲ್ಲಿ, ಒಂದೇ ದಿನ ಬರೆದ ಹತ್ತು ತಿಂಗಳ ದಾಖಲೆ ನೋಡಿದ ತಕ್ಷಣ ಗೊತ್ತಾಗುತ್ತದೆ.

ಹೊಸದು ಅಂದರೆ ಯಂತ್ರ ಅಲ್ಲ

ಸ್ಮಾರ್ಟ್ ಬೋರ್ಡ್ ಹಾಕಿಸಿದೆ ಅನ್ನುವುದು ಪ್ರಯೋಗ ಅಲ್ಲ, ಖರೀದಿ. ನಮ್ಮ ಸರ್ಕಾರಿ ಶಾಲೆಗಳ ಸಣ್ಣ ತರಗತಿಗಳಲ್ಲಿ ಬಳಸುವ ನಲಿಕಲಿ ಪದ್ಧತಿಯನ್ನೇ ನೋಡಿ. ತೊಂಬತ್ತರ ದಶಕದಲ್ಲಿ ಎಚ್‌.ಡಿ. ಕೋಟೆ ತಾಲ್ಲೂಕಿನ ಶಿಕ್ಷಕರು ಆಂಧ್ರದ ರಿಷಿವ್ಯಾಲಿಯ ಶಾಲೆಗಳನ್ನು ನೋಡಿ ಬಂದು ಶುರು ಮಾಡಿದ್ದು. ಅಲ್ಲಿ ಇದ್ದದ್ದು ಕಾರ್ಡು ಮತ್ತು ಕಲಿಕಾ ಏಣಿ (ಮಗು ಹಂತ ಹಂತವಾಗಿ ಏನು ಕಲಿಯಬೇಕು ಅಂತ ತೋರಿಸುವ ಪಟ), ಅಷ್ಟೇ.

2020ರಲ್ಲಿ ಗ್ಲೋಬಲ್ ಟೀಚರ್ ಪ್ರೈಜ್ ಪಡೆದ ರಂಜಿತ್‌ಸಿಂಹ ಡಿಸಲೆ ಅವರ ಹೆಸರು ಬಂದರೆ ಎಲ್ಲರೂ ಹೇಳುವುದು ಪಠ್ಯಪುಸ್ತಕದ ಕ್ಯೂಆರ್ ಕೋಡ್ ವಿಷಯ. ಸೊಲ್ಲಾಪುರ ಜಿಲ್ಲೆಯ ಪರಿತೇವಾಡಿಯ ಜಿಲ್ಲಾ ಪರಿಷತ್ ಶಾಲೆಯಲ್ಲಿ ಅವರಿಗೆ ಕಂಡ ಸಮಸ್ಯೆ ಬೇರೆ. ಮಕ್ಕಳ ಮನೆಮಾತು ಕನ್ನಡ, ಪುಸ್ತಕ ಮರಾಠಿ. ಅವರು ಮೊದಲು ಕನ್ನಡ ಕಲಿತರು, ಪಾಠಗಳನ್ನು ಮಕ್ಕಳ ಭಾಷೆಗೆ ತಂದರು. ಕೋಡ್ ಅದಕ್ಕೆ ನೆರವಾಯಿತು. ಅವರನ್ನು ನೋಡಿ ಕ್ಯೂಆರ್ ಕೋಡ್ ಅಂಟಿಸಿದ ಅರ್ಜಿಗಳಲ್ಲಿ ಆ ಕೋಡ್ ಯಾವ ತೊಂದರೆಗೆ ಪರಿಹಾರ ಅನ್ನುವುದೇ ಇರುವುದಿಲ್ಲ.

ನಮ್ಮ ಕಳೆಯುವ ಲೆಕ್ಕಕ್ಕೆ ಬೇಕಾದದ್ದು ಹತ್ತು ಹತ್ತರ ಕಡ್ಡಿ ಕಟ್ಟು, ಒಂದು ರಬ್ಬರ್ ಬ್ಯಾಂಡ್ ಡಬ್ಬ. ಅಂಗಡಿಯಲ್ಲಿ ಸಿಗುವ ಥರ್ಮೋಕೋಲ್ ಮಾದರಿಗಳು ಬೇಡ. ಅವು ಪ್ರದರ್ಶನಕ್ಕೆ ಚಂದ, ಮಗು ಕಟ್ಟು ಬಿಚ್ಚಿ ಎಣಿಸಲು ಆಗುವುದಿಲ್ಲ.

ಮಾಡಿದ್ದನ್ನು ವಾರದ ಲೆಕ್ಕದಲ್ಲಿ ಬರೆಯಿರಿ. ಮೊದಲ ವಾರ ಏನು ಮಾಡಿದಿರಿ, ಯಾವುದು ಕೈಕೊಟ್ಟಿತು, ಏನು ಬದಲಾಯಿಸಿದಿರಿ. ಕಡ್ಡಿಯಲ್ಲಿ ಸರಿ ಮಾಡಿದ ಮಗು ಹಾಳೆಯ ಮೇಲೆ ಮತ್ತೆ 25 ಬರೆದರೆ ಅದನ್ನೂ ಬರೆಯಿರಿ. ಅದನ್ನು ಸರಿಪಡಿಸಲು ನೀವು ಯೋಚಿಸಿದ್ದೇ ನಿಮ್ಮ ಹೊಸತನ. ಡಯಟ್‌ನಲ್ಲಿ (ಜಿಲ್ಲೆಯ ಶಿಕ್ಷಕ ತರಬೇತಿ ಸಂಸ್ಥೆ) ಕ್ರಿಯಾ ಸಂಶೋಧನೆ, ಅಂದರೆ ತಮ್ಮ ತರಗತಿಯ ಸಮಸ್ಯೆಗೆ ತಾವೇ ಪರಿಹಾರ ಪ್ರಯೋಗಿಸಿ ನೋಡುವುದು, ಮಾಡಿದವರಿಗೆ ಈ ಕ್ರಮ ಹೊಸದೇನಲ್ಲ.

ಬದಲಾವಣೆ ತೋರಿಸುವುದು

ಕೊನೆಯಲ್ಲಿ ಅದೇ 52, 37 ಕೊಡಬೇಡಿ. ಮಕ್ಕಳು ಉತ್ತರ ಬಾಯಿಪಾಠ ಮಾಡಿರುತ್ತಾರೆ. ಅಷ್ಟೇ ಕಷ್ಟದ ಬೇರೆ ಲೆಕ್ಕ ಕೊಡಿ, 63ರಲ್ಲಿ 28. ಜೊತೆಗೆ 60ರಲ್ಲಿ 28 ಕೂಡ ಇರಲಿ. ಹಳೆಯ ತಪ್ಪು ಒಳಗೆ ಉಳಿದಿದ್ದರೆ ಸೊನ್ನೆ ಬಂದಾಗ ಹೊರಬರುತ್ತದೆ, 32ರ ಬದಲು 48 ಬರೆಯುತ್ತಾರೆ. ಎರಡು ತಿಂಗಳು ಬಿಟ್ಟು ಹೇಳದೆ ಮತ್ತೊಮ್ಮೆ ಪರೀಕ್ಷಿಸಿ. ಆಗಲೂ ಬಂದರೆ ಅದು ಕಲಿಕೆ.

‘ಮಕ್ಕಳು ದೊಡ್ಡವರಾದಂತೆ ಹೇಗೂ ಕಲಿಯುತ್ತಾರಲ್ವಾ? ನಿಮ್ಮ ಪ್ರಯೋಗದಿಂದಲೇ ಕಲಿತರು ಅಂತ ಹೇಗೆ ಹೇಳುತ್ತೀರಿ?’ ಈ ಪ್ರಶ್ನೆ ಬಂದೇ ಬರುತ್ತದೆ. ಕಳೆದ ವರ್ಷದ ಇದೇ ತರಗತಿಯ ಪತ್ರಿಕೆಗಳಿದ್ದರೆ ಹೋಲಿಸಿ. ಇಲ್ಲವಾದರೆ ಸಿಆರ್‌ಪಿ (ಸುತ್ತಲಿನ ಕೆಲವು ಶಾಲೆಗಳ ಗುಂಪಾದ ಕ್ಲಸ್ಟರ್‌ನ ಸಂಪನ್ಮೂಲ ವ್ಯಕ್ತಿ) ಜೊತೆ ಮಾತಾಡಿ, ಅದೇ ಕ್ಲಸ್ಟರ್‌ನ ಇನ್ನೊಂದು ಶಾಲೆಯಲ್ಲಿ ಅದೇ ಪ್ರಶ್ನೆಗಳನ್ನು ಕೊಡಿಸಿ. ದೊಡ್ಡ ಸಂಶೋಧನೆ ಏನೂ ಬೇಡ, ಒಂದು ಹಾಳೆಯ ಹೋಲಿಕೆ ಸಾಕು.

24 ಮಕ್ಕಳ ತರಗತಿಗೆ ಶೇಕಡಾವಾರು ಬೇಡ, ಮಕ್ಕಳ ಸಂಖ್ಯೆಯನ್ನೇ ಬರೆಯಿರಿ. ಶೇ 100 ಫಲಿತಾಂಶ ಅಂತ ಬರೆದರೆ ನಾನಂತೂ ನಂಬುವುದಿಲ್ಲ. ನಾಲ್ಕು ಮಕ್ಕಳಿಗೆ ಇನ್ನೂ ಬಂದಿಲ್ಲ, ಅವರಲ್ಲಿ ಇಬ್ಬರು ಅಪ್ಪ ಅಮ್ಮನ ಜೊತೆ ಗುಳೆ ಹೋಗಿದ್ದರು, ವಾಪಸ್ ಬಂದ ಮೇಲೆ ಅವರಿಗೆ ಹೀಗೆ ಮಾಡಿದೆ ಅಂತ ಬರೆದರೆ ನಂಬುತ್ತೇನೆ.

ಫೋಟೊ, ವಿಡಿಯೊ, ಬರವಣಿಗೆ

ಮಕ್ಕಳು ಕೆಲಸ ಮಾಡುತ್ತಿರುವ ನಾಲ್ಕೈದು ಫೋಟೊ ಸಾಕು, ಕ್ಯಾಮೆರಾ ನೋಡಿ ನಿಂತದ್ದು ಬೇಡ. ಮಕ್ಕಳ ಮುಖ ಕಾಣುತ್ತಿದ್ದರೆ ಪೋಷಕರ ಲಿಖಿತ ಒಪ್ಪಿಗೆ ಪಡೆಯಿರಿ. ವಿಡಿಯೊಗೆ ಹಿನ್ನೆಲೆ ಸಂಗೀತ, ಡ್ರೋನ್ ಶಾಟ್ ಬೇಡವೇ ಬೇಡ. ಒಬ್ಬ ಹುಡುಗಿ ಕಡ್ಡಿ ಕಟ್ಟು ಬಿಚ್ಚಿ ಲೆಕ್ಕ ವಿವರಿಸುವ ಎರಡು ನಿಮಿಷ, ಅವಳ ಮಾತು ಸರಿಯಾಗಿ ಕೇಳಿದರೆ ಆಯಿತು.

ಅರ್ಜಿಯನ್ನು ನೀವೇ ಬರೆಯಿರಿ. ದುಡ್ಡು ಕೊಟ್ಟು ಬರೆಸುವವರಿದ್ದಾರೆ, ಎಲ್ಲರದ್ದೂ ಒಂದೇ ಥರ ಇರುತ್ತದೆ. ‘ಸರ್ವತೋಮುಖ ಬೆಳವಣಿಗೆ’ ಅನ್ನುವ ಮಾತು ಕಂಡರೆ ಹೊಡೆದುಹಾಕಿ.

ಸಲ್ಲಿಸುವುದು

ಕೊನೆಯ ದಿನ ಪೋರ್ಟಲ್ ನಿಧಾನ, ವಾರ ಮುಂಚೆ ಮುಗಿಸಿ. ಸಲ್ಲಿಸಿದ್ದರ ಪಿಡಿಎಫ್ ಇಳಿಸಿಕೊಳ್ಳಿ.

ಮೇಲಿನ ಹಂತಕ್ಕೆ ಆಯ್ಕೆಯಾದರೆ ಮೂಲ ದಾಖಲೆ ಕೇಳುತ್ತಾರೆ, ಜ್ಯೂರಿ ಮುಂದೆ ಕೆಲಸ ವಿವರಿಸಬೇಕಾಗುತ್ತದೆ. ಸ್ಲೈಡ್ ತುಂಬಾ ಅಕ್ಷರ ತುಂಬಿಸಿ ಓದಬೇಡಿ. ಜೂನ್‌ನ ಒಂದು ಉತ್ತರ ಪತ್ರಿಕೆ, ಅದೇ ಮಗುವಿನ ಫೆಬ್ರುವರಿಯ ಇನ್ನೊಂದು, ಎರಡನ್ನೂ ಪಕ್ಕಪಕ್ಕ ಇಟ್ಟು ಮಾತು ಶುರು ಮಾಡಿ. ಉಳಿದದ್ದನ್ನು ಅವರೇ ಕೇಳುತ್ತಾರೆ.